ಒಡೆಯುವ ಗೋಡೆಗೆ ಎರಡು ಕೋಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹೋಟೆಲ್ ಎತ್ತಿ ನೋಡು ಎನ್ನಲಿಲ್ಲ. ಅವರ ತಪ್ಪಲ್ಲ, ಆಗೆಲ್ಲ ಹೋಟೆಲಿನವನು ಪಾತ್ರೆ, ಬೆಂಚು, ದೇವರ ಪಟಗಳನ್ನು ಗಾಡಿಗೆ ಹೇರಿಕೊಂಡು ಹೊರಟರೆ ಮುಗಿಯಿತು. ನನ್ನದು ಫ್ರಾಂಚೈಸಿ. ಎಂದರೆ, ದೋಸೆಯ ಹೆಸರು ಕಂಪನಿಯದು, ಹೊಗೆ ಕುಡಿಯುವವನು ನಾನು. ಯಲಹಂಕದಲ್ಲಿ ಎಂಟು ವರ್ಷ ಹೀಗೆ ಸುಖವಾಗಿ ಹೊಗೆ ಕುಡಿದಿದ್ದೆ.

ಒಂದು ಬೆಳಿಗ್ಗೆ ಕಟ್ಟಡದ ಮಾಲೀಕರು ಮುನಿರಾಜಣ್ಣ ಬಂದು, ದೋಸೆ ತಿಂದು ಕೈ ತೊಳೆದು, "ಸಾ, ಬಿಲ್ಡಿಂಗ್ ಒಡೆಸ್ತಾ ಇವ್ನಿ. ಖಾಲಿ ಮಾಡ್ಕೊಡಿ" ಎಂದರು. ಅವರಪ್ಪ ಅಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಮಗನಿಗೆ ಮಹಡಿ ಬೆಳೆಯುವ ಆಸೆ. ನಾನು ಹುಣಸಮಾರನಹಳ್ಳಿಯಲ್ಲಿ ಹೊಸ ಜಾಗ ಹಿಡಿದು, ಕಂಪನಿಯ ಏರಿಯಾ ಮ್ಯಾನೇಜರ್ ನಿಖಿಲ್‌ಗೆ ಫೋನ್ ಮಾಡಿದೆ.

"ಸಾಗಿಸೋ ಖರ್ಚು ಯಾರ್ದಪ್ಪ?"

"ನಿಮ್ದೇ ಸರ್."

"ಹೊಸ ಬೋರ್ಡು?"

"ನಿಮ್ದೇ ಸರ್. ಅಳತೆ ಮಾತ್ರ ನಾವ್ ಹೇಳ್ತೀವಿ."

ಗಂಡಿನ ಕಡೆಯವರು ಮದುವೆ ಮಾತಾಡುವಾಗಲೂ ಇಂಥ ವಿನಯ ಕಂಡಿರಲಿಲ್ಲ.

ಸಾಮಾನು ಸಾಗಿತು. ಶುಕ್ರವಾರ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಲು ಅತ್ತೆ ಮುಹೂರ್ತ ಇಡಿಸಿದರು. ಬುಧವಾರ ನಿಖಿಲ್ ಫೋನ್: "ಸರ್, ಹಳೇ ಅಂಗಡಿ ಗೋಡೆ ಇನ್ನೂ ನಮ್ ಕಲರಲ್ಲೇ ಇದೆ. ಬಿಳಿ ಹೊಡ್ಸಿ ಫೋಟೋ ಕಳ್ಸಿ. ಇಲ್ದಿದ್ರೆ ಹೊಸದು ಓಪನ್ ಮಾಡಂಗಿಲ್ಲ."

ಆ ಮಾವಿನಹಣ್ಣಿನ ಹಳದಿ ಕಂಪನಿಯ ಸೊತ್ತು. ಬಿಟ್ಟುಹೋಗುವಾಗ ಅಳಿಸಿ ಹೋಗಬೇಕು.

"ಮುಂದಿನ್ ವಾರ ಆ ಗೋಡೇನೇ ಇರಲ್ಲ ಕಣಪ್ಪ!"

"ಕರೆಕ್ಟ್ ಸರ್. ಆದ್ರೆ ಇರೋವರ್ಗೂ ಅದು ನಿಮ್ ಜವಾಬ್ದಾರಿ."

ಮುಹೂರ್ತ ತಪ್ಪಿದರೆ ಅತ್ತೆಗೆ ಉತ್ತರ ಹೇಳುವವರು ಯಾರು? ಟಿ. ದಾಸರಹಳ್ಳಿಯಿಂದ ಪೇಂಟರುಗಳನ್ನು ಕರೆಸಿದೆ. ಒಂದು ಕೋಟು ಬಳಿದ ಮೇಲೂ, ಬಿಳಿ ಸೀರೆಯೊಳಗಿನ ಹಳದಿ ಲಂಗದಂತೆ ಬಣ್ಣ ಇಣುಕಿತು. ಎರಡನೆಯದು ಹೊಡೆಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅರೆಬರೆ ಕೆಲಸ ಕಂಡರೆ ಕಿವಿ ಹಿಂಡುತ್ತಿದ್ದ ಅಜ್ಜಿಯ ಕೈಯಲ್ಲಿ ಬೆಳೆದವನು ನಾನು. ಹೇಗೂ ಬಳಿಸುತ್ತಿದ್ದೇನಲ್ಲ ಎಂದು ಬಿರುಕುಗಳಿಗೆ ಪುಟ್ಟಿ ತುಂಬಿಸಿದೆ, ಬಾಗಿಲಿಗೂ ಬಣ್ಣ ಕೊಡಿಸಿದೆ.

"ಏನ್ ಸಾ, ಎಣಕ್ಕೆ ಸಿಂಗಾರ ಮಾಡಿಸ್ತಾ ಇದೀರಾ?" ಎಂದು ನಕ್ಕ ಮುನಿರಾಜಣ್ಣ ಗೋಡೆಯನ್ನು ಒಮ್ಮೆ ಸವರಿ ನೋಡಿದರು. ಎರಡನೆಯ ಸಲವೂ ಸವರಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶುಕ್ರವಾರ ಹಾಲು ಉಕ್ಕಿತು. ಮುಂದಿನ ವಾರ ಕಟ್ಟಡ ಮಾತ್ರ ಬೀಳಲಿಲ್ಲ.

"ನಿಮ್ ಪುಣ್ಯ ಸಾ!" ಮುನಿರಾಜಣ್ಣನ ಫೋನು. "ಇಂಗೆ ಲಕಲಕ ಅನ್ನೋ ಗ್ವಾಡೆ ಯಾಕ್ಲಾ ಒಡೀತೀಯ ಅಂದ್ಲು ನಮ್ಮವ್ವ. ಬಾಡಿಗೆಗೆ ಕೊಟ್ಬುಟ್ಟೆ."

"ಯಾರಿಗೆ?"

"ಯಾರೋ ದೋಸೆಯೋರು ಸಾ."

ನಮ್ಮ ಮನೆ ಇನ್ನೂ ಯಲಹಂಕದಲ್ಲೇ ಇದೆ. ಕಳೆದ ಭಾನುವಾರ, "ದೋಸೆ ತಿನ್ನೋಕೆ ನಮ್ ಹೋಟ್ಲಿಗೆ ಅಷ್ಟ್ ದೂರ ಯಾರ್ರೀ ಹೋಗ್ತಾರೆ?" ಎಂದು ಹೆಂಡತಿ ನನ್ನನ್ನು ಆ ದೋಸೆಯವರಲ್ಲಿಗೇ ಎಳೆದೊಯ್ದಳು. ದೋಸೆ ಚೆನ್ನಾಗಿತ್ತು, ಅದೇ ಸಂಕಟ. ಪಕ್ಕದ ಮೇಜಿನವರು ಎದ್ದುಹೋದ ಮೇಲೆ ಗೋಡೆಯಲ್ಲೊಂದು ಕೆಂಪು ಚಟ್ನಿಯ ಬೆರಳಚ್ಚು ಕಂಡಿತು. ಕರವಸ್ತ್ರ ಒದ್ದೆ ಮಾಡಿಕೊಂಡು ಒರೆಸತೊಡಗಿದೆ.

"ಏಳ್ರೀ, ಎಲ್ರೂ ನೋಡ್ತಿದಾರೆ. ಅದೇನು ನಿಮ್ ಗೋಡೆನಾ?"

ಅಲ್ಲ, ನಿಜ. ಆದರೆ ಇರುವವರೆಗೂ ಜವಾಬ್ದಾರಿ ನನ್ನದೇ ಎಂದು ನಿಖಿಲ್ ಹೇಳಿದ್ದಾನಲ್ಲ.