ತಿರುಪತಿ ಮದುವೆಗೆ ಕೆಂಪಿಯ ಅಪ್ಪಣೆ

ಪ್ರಯಾಣದ ಸಿದ್ಧತೆಯೆಂದರೆ ಕಟ್ಟಿಕೊಂಡು ಹೋಗುವ ಸಾಮಾನಿನ ಚಿಂತೆ ಎಂದು ತಿಳಿದವರು ಯಾರೂ ಮನೆಯಲ್ಲಿ ಹಸು ಕಟ್ಟಿದವರಲ್ಲ. ಹಾಸಿಗೆ ಸುತ್ತುವುದು, ಟ್ರಂಕಿಗೆ ಬೀಗ ಹಾಕುವುದು, ಹುಳಿಯನ್ನದ ಡಬ್ಬಿಯನ್ನು ಬಟ್ಟೆಯಲ್ಲಿ ಬಿಗಿಯುವುದು, ಇವೆಲ್ಲ ನನಗೆ ಎಡಗೈ ಕೆಲಸ. ಕಷ್ಟವಿರುವುದು ಬಿಟ್ಟುಹೋಗುವುದರಲ್ಲಿ. ಟ್ರಂಕು ಹೇಳಿದಲ್ಲಿ ಕೂತಿರುತ್ತದೆ. ಹಸು ಹಾಗಲ್ಲ, ಅದಕ್ಕೊಂದು ಅಭಿಪ್ರಾಯವಿರುತ್ತದೆ.

ನಾನು ಕ್ರಮದ ಮನುಷ್ಯ. ಓದಿದ್ದು ಬೆಂಗಳೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದ ಮೇಲೆ ಕೆಮ್ಮು ಬಂದರೂ ತಡೆದುಕೊಳ್ಳಬೇಕು. ಮೇಲ್ವಿಚಾರಕರು ಸಾಕಿದ್ದ ಎಮ್ಮೆಗಳ ಹಾಲನ್ನೂ ನಾವೇ ಸರದಿಯಂತೆ ಕರೆದುಕೊಡುತ್ತಿದ್ದೆವು. ದೇವನಹಳ್ಳಿಯಲ್ಲಿ ಗುಮಾಸ್ತನಾಗಿ ಸಂಸಾರ ಹೂಡಿದ ಮೇಲೂ ಆ ಗಂಟೆ ನನ್ನ ತಲೆಯೊಳಗೆ ಬಾರಿಸುತ್ತಲೇ ಇದೆ. ನನ್ನ ಟವೆಲಿಗೆ ಬಚ್ಚಲ ಬಾಗಿಲ ಪಕ್ಕ ಒಂದು ಮೊಳೆ ಉಂಟು. ನನ್ನ ಕಾಫಿಗೆ ಅಂಚು ಸ್ವಲ್ಪ ನೆಗ್ಗಿದ ಒಂದು ಹಿತ್ತಾಳೆ ಲೋಟ ಉಂಟು. ಟವೆಲು ಬೇರೆ ಮೊಳೆಯಲ್ಲಿದ್ದರೆ, ಕಾಫಿ ಬೇರೆ ಲೋಟದಲ್ಲಿ ಬಂದರೆ ನನಗೆ ಆ ದಿನವೇ ಬೇರೆಯವರದ್ದು ಅನ್ನಿಸುತ್ತದೆ. ನನ್ನ ಹೆಂಡತಿ ಜಯಮ್ಮ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಶಿಸ್ತು ಎನ್ನುತ್ತೇನೆ.

ಮದುವೆ ಜಯಮ್ಮನ ತಂಗಿ ಸರೋಜಳದ್ದು. ತಂಗಿಯೆಂದು ಕರೆಯುವುದು ಲೆಕ್ಕಕ್ಕೆ ಮಾತ್ರ. ನನ್ನ ಅತ್ತೆ ತೀರಿಕೊಂಡಾಗ ಸರೋಜ ಇನ್ನೂ ತೊಟ್ಟಿಲ ಕೂಸು. ಜಡಿಗೇನಹಳ್ಳಿಯ ತೌರಿನಿಂದ ಜಯಮ್ಮ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಮನೆಗೆ ತಂದಳು. ನಮಗೆ ಮಕ್ಕಳಾಗಲಿಲ್ಲ; ಇವಳು ಇದ್ದದ್ದರಿಂದ ಅದು ಅಷ್ಟಾಗಿ ತಿಳಿಯಲೂ ಇಲ್ಲ. ಹೈಸ್ಕೂಲು ಮುಗಿಸಿ ತಂದೆಯ ಬಳಿಗೆ ಹೋಗುವವರೆಗೆ ನಮ್ಮಲ್ಲೇ ಬೆಳೆದಳು. ನನ್ನ ಮೊಳೆಯ ಕೆಳಗೆ ಅವಳಿಗೊಂದು ಗಿಡ್ಡ ಮೊಳೆ ಹೊಡೆದಿದ್ದೆ. ಚಿಕ್ಕವಳಿದ್ದಾಗ ವಿಷಮಶೀತ ಜ್ವರ ಬಂದು ಕೈಬಿಟ್ಟುಹೋಗುವಂತಾದಾಗ, ನಮ್ಮ ಮಾವನವರು ಇವಳ ಮದುವೆಯನ್ನು ಬೆಟ್ಟದ ಮೇಲೆಯೇ ಮಾಡುತ್ತೇನೆಂದು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ಈಗ ದೊಡ್ಡಬಳ್ಳಾಪುರದ ಗಂಡು ಗೊತ್ತಾಗಿತ್ತು. ಎರಡೂ ಕಡೆಯವರು ಒಂದು ಬಾಡಿಗೆ ಬಸ್ಸಿನಲ್ಲಿ ತಿರುಪತಿಗೆ ಹೋಗಿ ಬರುವುದೆಂದು ನಿಶ್ಚಯವಾಯಿತು. ವ್ಯವಸ್ಥೆಯೆಲ್ಲ ನನ್ನ ತಲೆಗೆ ಬಂತು. ಬಂತೇನು, ನಾನೇ ಎಳೆದುಕೊಂಡೆ.

ಹಾಸಿಗೆಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿದೆ. ನಲ್ಲೂರಿನ ಪರಿಚಯದವರಿಂದ ಹುಣಸೆಹಣ್ಣು ತರಿಸಿ, ಹುಳಿಯನ್ನಕ್ಕಷ್ಟು, ಬೆಟ್ಟ ಹತ್ತುವಾಗ ಹೊಟ್ಟೆ ತೊಳಸುವವರ ಬಾಯಿಗಷ್ಟು ಎಂದು ಬೇರೆ ಬೇರೆ ಕಟ್ಟಿದೆ. ಭಾರ ನೋಡಲೆಂದು ತುಂಬಿದ ಟ್ರಂಕನ್ನು ಎತ್ತಿಕೊಂಡು ಬೀದಿಯ ಕೊನೆಯವರೆಗೆ ನಡೆದು ಬಂದೆ. ಪಕ್ಕದ ಮನೆಯ ಪಿಳ್ಳಪ್ಪ, 'ಎಲ್ಲಿಗೆ ಸ್ವಾಮಿ?' ಅಂದ. 'ತಿರುಪತಿಗೆ' ಅಂದೆ. 'ಇಷ್ಟು ಬೇಗ ವಾಪಸ್ ಬಂದ್ಬಿಟ್ರಲ್ಲ!' ಅಂದ. ಇಷ್ಟೆಲ್ಲ ನಡೆಯುವಾಗ ಜಯಮ್ಮ ಬೂಸಾ ಕಲಸುತ್ತಿದ್ದಳು. ನಾನು ದಣಿದು ಕೂತ ಮೇಲೆ ನೆಗ್ಗಿದ ಲೋಟದಲ್ಲಿ ಕಾಫಿ ಕೊಟ್ಟು ಕೇಳಿದಳು:

'ಎಲ್ಲಾ ಸರಿ ಕಣ್ರೀ. ಕೆಂಪಿ ಹಾಲು ಯಾರು ಕರೀತಾರೆ?'

ಕೆಂಪಿ ನಮ್ಮ ಹಸು. ಕರು ಹಾಕಿ ತಿಂಗಳಾಗಿತ್ತಷ್ಟೆ, ಕೆಚ್ಚಲು ತುಂಬ ಹಾಲು. ಆದರೆ ಜಯಮ್ಮನನ್ನು ಬಿಟ್ಟು ಇನ್ನೊಬ್ಬರು ಕೈಯಿಟ್ಟರೆ ಚೊಂಬು ಒಂದು ಕಡೆ, ಕೈಯಿಟ್ಟವರು ಒಂದು ಕಡೆ. ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತದೆ. ಕರುವಿಗೇ ಪೂರಾ ಬಿಟ್ಟರೆ ಅದಕ್ಕೆ ಭೇದಿ ಹತ್ತುತ್ತದೆ. 'ಹಾಳು ಹಸು, ಇಷ್ಟು ಹಟವೇ?' ಎಂದು ನಾನು ರೇಗಿದೆ.

'ಅದನ್ಯಾಕೆ ಬೈತೀರಿ? ಟವೆಲ್ಲು ಬೇರೆ ಮೊಳೆಗೆ ಹಾಕಿದ್ರೆ ನೀವು ಒದೆಯಲ್ವಾ?' ಅಂದಳು.

ನಾನು ಕಾಫಿ ಕುಡಿದೆ.

ಪಿಳ್ಳಪ್ಪ ದನಗಳ ನಡುವೆಯೇ ಹುಟ್ಟಿ ಬೆಳೆದವನು. ಅವನನ್ನು ಕೇಳಿದೆವು. 'ದನ ಮಕ ನೋಡಲ್ಲ ಸ್ವಾಮಿ, ವಾಸ್ನೆ ನೋಡ್ತದೆ. ಅಮ್ಮಾವ್ರು ಕೊಟ್ಟಿಗೇಲಿ ಉಡೋ ಸೀರೆ ಕೊಡಿ. ನಮ್ಮ ಅಕ್ಕಯ್ಯಮ್ಮ ಉಟ್ಕೊಂಡು ಕೂತ್ಕಂತಾಳೆ' ಅಂದ. ಅಕ್ಕಯ್ಯಮ್ಮ ಅವನ ಹೆಂಡತಿ, ಗಟ್ಟಿಗಿತ್ತಿ, ಒಪ್ಪಿಕೊಂಡಳು. ಉಪಾಯ ನನಗೂ ಹಿಡಿಸಿತು. ಕೊಟ್ಟಿಗೆಯ ಗೂಟದಿಂದ ಆ ಹಸಿರು ಸೀರೆಯನ್ನು ತೆಗೆದು ನೋಡಿದೆ. ಅಯ್ಯೋ! ಸಗಣಿ, ಗಂಜಲ, ಬೂಸಾ, ಹಾಲು, ಎಲ್ಲವೂ ಅದರ ಮೇಲೆ ಪದರ ಪದರವಾಗಿ ಕೂತಿದ್ದವು. ಇಂಥದ್ದನ್ನು ನೆರೆಮನೆಯ ಹೆಣ್ಣುಮಗಳ ಕೈಗೆ ಹೇಗೆ ಕೊಡುವುದು? ಮನೆಯ ಮರ್ಯಾದೆಯ ಪ್ರಶ್ನೆ. ಜಯಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಹಂಡೆಯ ಕೆಳಗೆ ಬೆಂಕಿ ಹಾಕಿ, ಸೋಡಾಪುಡಿಯಲ್ಲಿ ಸೀರೆ ಕುದಿಸಿ, ಕಲ್ಲಿನ ಮೇಲೆ ಬಡಿದು, ಎರಡು ನೀರಿನಲ್ಲಿ ಜಾಲಿಸಿ, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ಅಕ್ಕಯ್ಯಮ್ಮನಿಗೆ ಕೊಟ್ಟೆ.

ಆ ಸಂಜೆ ಕೆಂಪಿ ಒದ್ದ ಚೊಂಬು ಪಿಳ್ಳಪ್ಪನ ಹಿತ್ತಲಲ್ಲಿ ಸಿಕ್ಕಿತು. ಜಯಮ್ಮ ಸೀರೆಯ ಸೆರಗನ್ನು ಹಿಡಿದು ಮೂಸಿದಳು. ನನ್ನನ್ನು ನೋಡಿದಳು. 'ಒಗೆದ್ರಾ?' ಅಂದಳು. ಶಿಸ್ತಿನ ಪರವಾಗಿ ನಾನು ಅನೇಕ ಸಲ ವಾದಿಸಿದ್ದೇನೆ. ಆ ಹೊತ್ತು ಚೊಂಬಿನ ನೆಗ್ಗು ತಟ್ಟುತ್ತಾ ಕೂತೆ. ಅಕ್ಕಯ್ಯಮ್ಮ ಮೊಣಕಾಲು ಉಜ್ಜಿಕೊಳ್ಳುತ್ತಾ, 'ತಪ್ಪು ತಿಳ್ಕೋಬೇಡಿ ಸ್ವಾಮಿ, ನನ್ಗೂ ಕಾಲು ಎರಡೇ ಇರೋದು' ಎಂದು ಹೊರಟುಹೋದಳು.

ಮರುದಿನದಿಂದ ಆ ಸೀರೆಯನ್ನು ಮತ್ತೆ ಕೊಳೆ ಮಾಡುವ ಕೆಲಸ ಮೊದಲಾಯಿತು. ಜಯಮ್ಮ ಅದನ್ನುಟ್ಟೇ ಕೊಟ್ಟಿಗೆ ಬಾಚಿದಳು, ಅದನ್ನುಟ್ಟೇ ಬೂಸಾ ಕಲಸಿದಳು. ಕೊಟ್ಟಿಗೆಯ ಬಟ್ಟೆ ಒಳಗೆ ಬರಕೂಡದೆಂದು ನಿಯಮ ಮಾಡಿದವನು ನಾನೇ. ಈಗ ಅದನ್ನುಟ್ಟು ಅಡುಗೆಮನೆಯಲ್ಲಿ ಓಡಾಡುತ್ತಿದ್ದರೂ ಮೂಗು ಮುಚ್ಚಿಕೊಂಡು, 'ಇನ್ನೂ ಸ್ವಲ್ಪ ಉಡು' ಎನ್ನುತ್ತಿದ್ದೆ. ಸೀರೆ ಹದಕ್ಕೆ ಬಂತು. ಆದರೆ ಉಡುವವರು ಇರಲಿಲ್ಲ. ಅಕ್ಕಯ್ಯಮ್ಮನ ಕಥೆ ಅಷ್ಟರಲ್ಲಿ ಬೀದಿಗೆಲ್ಲ ತಿಳಿದಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಆಫೀಸಿನಿಂದ ಬಂದಾಗ ಟ್ರಂಕು ತೆರೆದಿತ್ತು. ಜಯಮ್ಮ ತನ್ನ ರೇಷ್ಮೆ ಸೀರೆಯನ್ನು ಹೊರಗೆ ತೆಗೆದು ಬೀರುವಿಗೆ ಇಡುತ್ತಿದ್ದಳು. ನನ್ನ ಪಂಚೆ, ಶಲ್ಯ ಅಲ್ಲೇ ಇದ್ದವು.

'ನೀವು ಹೋಗ್ಬನ್ನಿ. ನೀವಿಲ್ದೆ ಅಲ್ಲಿ ವ್ಯವಸ್ಥೆ ನಡೆಯಲ್ಲ' ಅಂದಳು.

'ಸರೋಜ ಏನಂದಾಳು?'

'ಅಕ್ಕ ಬರದಿದ್ರೆ ಹಸೆಮಣೆ ಮೇಲೆ ಕೂರಲ್ಲ ಅಂತಾಳೆ. ಸುಮ್ನೆ ಅಂತಾಳೆ, ಕೂರ್ತಾಳೆ.' ಬೀರುವಿನ ಬಾಗಿಲು ಮುಚ್ಚಿ ಅದರ ಕಡೆಗೇ ಮುಖ ಮಾಡಿಕೊಂಡು ನಿಂತಳು. 'ತಾಳಿ ಕಟ್ಟೋ ಹೊತ್ತಿಗೆ ಅವಳ ಕೈ ನಡುಗುತ್ತೆ. ಚಿಕ್ಕಂದಿನಿಂದ್ಲೂ ಹಾಗೇ. ಯಾರಾದ್ರೂ ಪಕ್ಕದಲ್ಲಿ ನಿಂತ್ಕೊಳ್ಳೋಕೆ ಹೇಳಿ, ಅಷ್ಟೇ.'

ನಾನು ಹಿತ್ತಲಿಗೆ ಹೋದೆ. ಬೇಲಿಯಾಚೆ ಪಿಳ್ಳಪ್ಪ ಹಗ್ಗ ಹೊಸೆಯುತ್ತಿದ್ದ. ತಲೆಯೆತ್ತದೆ ಹೇಳಿದ: 'ಆಸ್ಟೆಲ್ಲಲ್ಲಿ ಎಮ್ಮೆ ಕರೀತಿದ್ದೆ ಅಂತ ಯಾವಾಗ್ಲೂ ಹೇಳ್ತಿರ್ತೀರಲ್ಲ ಸ್ವಾಮಿ. ಎಮ್ಮೆಗಿದ್ದಂಗೇ ಹಸೂಗೂ ನಾಲ್ಕೇ ಮೊಲೆ.'

ಅಷ್ಟು ದಿನದಲ್ಲಿ ಇದು ನನಗೆ ಹೊಳೆಯಲೇ ಇಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಆದರೆ ವ್ಯವಸ್ಥಾಪಕ ಮದುವೆಗೆ ಹೋಗದಿರುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಗುಮಾಸ್ತ ಸೀರೆ ಉಡುವುದು ಹೇಗೆ?

ಉಟ್ಟೆ. ಪಂಚೆಯ ಮೇಲೆಯೇ ಸುತ್ತಿಕೊಂಡು, ಸೆರಗು ಹೊದ್ದು, ಸಂಜೆ ಕೊಟ್ಟಿಗೆಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಕೆಂಪಿ ಕತ್ತು ತಿರುಗಿಸಿ ಸೆರಗು ಮೂಸಿತು, ನನ್ನ ಕಿವಿ ಮೂಸಿತು, ಬಹಳ ಹೊತ್ತು ಯೋಚಿಸಿತು. ನಾನು ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ, 'ನಿಂತ್ಕೋ ಕೆಂಪಮ್ಮ, ನನ್ನ ತಾಯಿ' ಅಂದೆ. ಬಾಗಿಲ ಹಿಂದೆ ಜಯಮ್ಮ ಕಿಸಕ್ಕನೆ ನಕ್ಕಳು. ಕೆಂಪಿ ಮುಂದೆ ತಿರುಗಿ ಹುಲ್ಲಿಗೆ ಬಾಯಿ ಹಾಕಿತು. ಚೊಂಬಿನಲ್ಲಿ ಸೊರ್ ಸೊರ್ ಎಂದು ಹಾಲು ಬಿತ್ತು. 'ಒಂದೇ ಮನೆ ಅನ್ನ ಉಂಡೋರು. ವಾಸ್ನೆ ಒಂದೇ ಆಗಿರ್ತದೆ' ಎಂದು ಪಿಳ್ಳಪ್ಪ ಬೇಲಿಯಾಚೆಯಿಂದ ತೀರ್ಪು ಕೊಟ್ಟ. ನಮ್ಮ ದಾಂಪತ್ಯವನ್ನು ಅಷ್ಟು ಚೆನ್ನಾಗಿ ಹೊಗಳಿದವರು ಇನ್ನೊಬ್ಬರಿಲ್ಲ.

ರೇಷ್ಮೆ ಸೀರೆ ಟ್ರಂಕಿಗೆ ಹೋಯಿತು. ನನ್ನ ಪಂಚೆ, ಶಲ್ಯ ಹೊರಗೆ ಬಂದವು. ಬೆಳಿಗ್ಗೆ, ಮದುವೆ ದಿಬ್ಬಣ ಹೊರಡುವ ಜಡಿಗೇನಹಳ್ಳಿಗೆ ಹೊರಟ ಜಯಮ್ಮನನ್ನು ಬಸ್ಸು ಹತ್ತಿಸುವಾಗ, ಯಾವ ಗಂಟಿನಲ್ಲಿ ಏನಿದೆ ಎಂದು ನಾನು ಹೇಳುತ್ತಲೇ ಇದ್ದೆ. ಬಸ್ಸು ಹೊರಟಿತು. ನಾನು ಅಷ್ಟು ಜೋಪಾನವಾಗಿ ಸುತ್ತಿದ ಹಾಸಿಗೆ ತಿರುಪತಿ ನೋಡಿತು; ನಾನು ಕೆಂಪಿಯನ್ನು ನೋಡಿಕೊಂಡೆ. ಮುಹೂರ್ತದ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತಿದ್ದಾಗ, ಅಲ್ಲಿ ಸರೋಜಳ ಪಕ್ಕದಲ್ಲಿ ಜಯಮ್ಮ ನಿಂತಿರುತ್ತಾಳೆ ಅಂದುಕೊಂಡೆ. ಕರೆಯುವ ಕೈ ಅಲ್ಲಿಗೇ ನಿಂತುಬಿಟ್ಟಿತು. ಕೆಂಪಿ ದೊಡ್ಡ ಮನಸ್ಸು ಮಾಡಿ ಸುಮ್ಮನಿತ್ತು.

ಮದುವೆ ಮುಗಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಹೊರಟ ಬಸ್ಸು ನಮ್ಮ ಊರಿನ ಮೇಲೆಯೇ ಹಾದುಹೋಗಬೇಕು. ಅದು ಬೀದಿಯ ತುದಿಯಲ್ಲಿ ನಿಂತದ್ದು ಸರಿಯಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ. ಅರ್ಧಕ್ಕೆ ಎದ್ದರೆ ಕೆಂಪಿ ಕೆಡುತ್ತದೆ. ನಾನು ಏಳಲಿಲ್ಲ. ಹಿತ್ತಲ ಬಾಗಿಲಲ್ಲಿ ಬೀಗರ ಕಡೆಯ ಹೆಂಗಸೊಬ್ಬರು, 'ಈಯಮ್ಮ ಯಾರು?' ಎಂದು ಕೇಳಿದ್ದು ಕೇಳಿಸಿತು.

'ಅಮ್ಮ ಅಲ್ಲ ಅತ್ತೆ, ನಮ್ಮ ಭಾವ' ಅಂತ ಹೊಸ ಸೊಸೆ ಗಟ್ಟಿಯಾಗಿಯೇ ಹೇಳಿದಳು. ಸರೋಜ ಧಾರೆ ಸೀರೆಯಲ್ಲೇ ಸಗಣಿ ನೆಲದ ಮೇಲೆ ಬಗ್ಗಿ, ಹಸಿರು ಸೀರೆಯ ಅಂಚಿನಿಂದ ಹೊರಗೆ ಚಾಚಿದ್ದ ನನ್ನ ಪಾದ ಮುಟ್ಟಿದಳು. ಗಂಡನನ್ನೂ ಬಗ್ಗಿಸಿದಳು. ಹಾಲಾದ ಕೈಯನ್ನೇ ಇಬ್ಬರ ತಲೆಯ ಮೇಲಿಟ್ಟೆ. 'ಅಕ್ಕ ನನ್ನ ಕೈ ಹಿಡ್ಕೊಂಡೇ ಇದ್ದಳು ಭಾವ' ಅಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೆ ಸೆರಗು ಅಡ್ಡ ಬಂದು ಕಾಣಲಿಲ್ಲ.

ಅದೇ ಬಸ್ಸಿನಲ್ಲಿ ಬಂದಿಳಿದ ಜಯಮ್ಮ ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ, ಕರ್ಪೂರ, ಗಂಧ ಹತ್ತಿದ್ದ ಅವಳನ್ನು ಕೆಂಪಿ ಒದ್ದಿತು. ಆ ಹೊತ್ತಿನಿಂದ ಅದು ನನ್ನ ಕೈಗೇ ಒಗ್ಗಿದೆ. ಜಯಮ್ಮ ಈಗ ಯಾವ ಊರಿನ ಮದುವೆಗಾದರೂ ಒಂದು ಕೈಚೀಲ ಹಿಡಿದು, ಸಿದ್ಧತೆಯೇ ಇಲ್ಲದೆ ಹೊರಟುಬಿಡುತ್ತಾಳೆ. ಹಸಿರು ಸೀರೆಗೆ ನನ್ನ ಟವೆಲಿನ ಪಕ್ಕದಲ್ಲಿ ಒಂದು ಮೊಳೆ ಹೊಡೆದಿದ್ದೇನೆ. ಒಗೆಯುವುದಿಲ್ಲ. ಮೊನ್ನೆ ಜಯಮ್ಮ ಮರೆತು ಅದನ್ನು ಬೇರೆ ಮೊಳೆಗೆ ಹಾಕಿದ್ದಳು. ಆ ದಿನ ಕೊಟ್ಟಿಗೆಯಲ್ಲಿ ಹಾಲೇನೂ ಚೆಲ್ಲಲಿಲ್ಲ. ಅಡುಗೆಮನೆಯಲ್ಲಿ ನನ್ನ ಕಾಲು ತಗುಲಿ ಕಾಫಿ ಚೆಲ್ಲಿತು.