ಹೆಪ್ಪುಗಟ್ಟಲು ಒಲ್ಲದ ಹಾಲಿನ ವಿಷಯವಾಗಿ

ಹಾಲು ಶೇಖರಣಾ ಕೇಂದ್ರದ ಗುಣಮಟ್ಟ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮೇಜಿನ ಮೇಲಿನ ಪರೀಕ್ಷಾ ಯಂತ್ರವೂ ಕ್ಷೇಮವೆಂದು ನಂಬಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮೊಸರು ಮಾರಿಕೊಂಡು, ಗಿರಾಕಿಗಳ ಬಾಯಲ್ಲಿ ‘ಮೊಸರಕ್ಕ’ ಎನಿಸಿಕೊಂಡಿರುವ ನಾನು ಎರಡೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕೇಂದ್ರದ ಹಾಲು ತೀರಾ ಆರೋಗ್ಯವಂತವಾಗಿಬಿಟ್ಟಿದೆ.

ಕಳೆದ ತಿಂಗಳ ಒಂದು ಮಂಗಳವಾರ, ಎಂದಿನಂತೆ ತಮ್ಮ ಕೇಂದ್ರದಿಂದ ಕೊಂಡು ತಂದು, ಕಾಯಿಸಿ, ಆರಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿಟ್ಟಿದ್ದ ನಲವತ್ತು ಲೀಟರ್ ಹಾಲು, ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲಾಗಿಯೇ ಕುಳಿತಿತ್ತು. ಹೆಪ್ಪು ಕೆಟ್ಟಿದೆಯೆಂದು ಮೂರು ಮನೆಗಳಿಂದ ಬೇಡಿ ತಂದೆ. ಚಳಿಗೆ ಹೀಗಾಗಿದೆಯೆಂದು ನನ್ನ ನಾದಿನಿ ತನ್ನ ಶಾಲನ್ನೇ ಪಾತ್ರೆಗೆ ಹೊದಿಸಿ ತಾನು ನಡುಗುತ್ತ ಕುಳಿತಳು. ಪಾತ್ರೆ ಬೆಚ್ಚಗಾಯಿತು, ನಾದಿನಿಗೆ ನೆಗಡಿಯಾಯಿತು, ಮೊಸರು ಮಾತ್ರ ಆಗಲಿಲ್ಲ. ಯಜಮಾನರು ಬಗ್ಗಿ ನೋಡಿ, “ನಿನ್ನ ಕೈಗುಣ ಹೋಯ್ತು ಕಣೇ” ಎಂದುಬಿಟ್ಟರು. ಐದು ದಿನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಆ ಐದು ದಿನಗಳ ಅವಮಾನವನ್ನೂ ಇದರೊಂದಿಗೆ ಲಗತ್ತಿಸುವ ಆಸೆಯಿತ್ತು, ಲಕೋಟೆ ಸಾಲಲಿಲ್ಲ.

ಹಾಗೆಂದು ನಾನು ಉಪಕಾರ ಮರೆಯುವವಳಲ್ಲ. ಚೆಲ್ಲಲು ಮನಸ್ಸಾಗದೆ ಆ ಹಾಲನ್ನು ನಾವೇ ಕುಡಿದೆವು. ತಿಂಗಳಿಂದ ಕಾಡುತ್ತಿದ್ದ ಯಜಮಾನರ ಕಾಲಿನ ಕುರು ನಾಲ್ಕೇ ದಿನಕ್ಕೆ ಮಾಯಿತು. ಸುದ್ದಿ ತಿಳಿದ ಪಕ್ಕದ ದರ್ಜಿ ಗಂಟಲು ನೋವೆಂದು ಲೋಟ ಹಿಡಿದು ಬಂದು, “ಅಕ್ಕ, ಇದು ಊಟಕ್ಕೆ ಮುಂಚೆನಾ, ಆಮೇಲಾ?” ಎಂದು ಕೇಳಿದ. ಇಪ್ಪತ್ತಾರು ವರ್ಷದ ಅನುಭವದ ಮೇಲೆ, ಊಟದ ಜೊತೆಗೇ ಎಂದು ಹೇಳಿ ಲೋಟ ತುಂಬಿಸಿ ಕಳಿಸಿದೆ.

ಆದರೆ ನಾದಿನಿಗೆ ಒಂದು ಜಾತಿಯ ಔಷಧಿ ಚಿಕ್ಕಂದಿನಿಂದಲೂ ಒಗ್ಗದು. ನೆಗಡಿಗೆಂದು ಎರಡು ಲೋಟ ಬಿಸಿ ಹಾಲು ಕುಡಿದವಳಿಗೆ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಸಿಕ್ಕಿಕೊಳ್ಳತೊಡಗಿತು. ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದ ಆ ಹತ್ತು ನಿಮಿಷ ನನಗೆ ತಮ್ಮ ನೆನಪೂ ಬರಲಿಲ್ಲ, ಕ್ಷಮಿಸಬೇಕು. ಸೂಜಿ ಚುಚ್ಚಿ ಉಸಿರು ಹಿಡಿತಕ್ಕೆ ತಂದ ವೈದ್ಯೆ, “ಯಾವ ಮಾತ್ರೆ ತಗೊಂಡ್ರಿ?” ಎಂದರು. “ಮಾತ್ರೆ ಇಲ್ಲ ಡಾಕ್ಟ್ರೇ, ಹಾಲು ಕುಡಿದೆ” ಎಂದಳು ನಾದಿನಿ. ಮೊದಲು ನಕ್ಕ ವೈದ್ಯೆ, ನನ್ನ ಮೊಸರಿನ ಕಥೆ ಕೇಳಿದ ಮೇಲೆ ನಗಲಿಲ್ಲ. “ಹೆಪ್ಪನ್ನೇ ಕೊಲ್ಲೋ ಔಷಧಿ ಏನೋ ಹಾಲಲ್ಲಿರಬೇಕು. ಹೋಗಿ ಹಸುಗಳನ್ನ ನೋಡಿ” ಎಂದರು.

ಹೋದೆ. ತಮಗೆ ಹಾಲು ಹಾಕುವ ಹೈನುಗಾರನೊಬ್ಬ ಕೊಟ್ಟಿಗೆಯಲ್ಲಿ ಯಾವುದನ್ನೂ ಮುಚ್ಚಿಡದೆ ತೋರಿಸಿದ. ಹಸುವಿಗೆ ಕೆಚ್ಚಲು ಬಾವು. ಮೊಲೆಯೊಳಗೆ ಏರಿಸುವ ಔಷಧಿಯ ಡಬ್ಬಿಯ ಮೇಲೆ ‘ನಾಲ್ಕು ದಿನ ಹಾಲು ಬಳಸಬಾರದು’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. “ಓದಿದೀನಿ ಅಕ್ಕ. ಮೂರು ದಿನ ಹಾಲು ಹಾಕ್ದೇ ಇದ್ರೆ ಕೇಂದ್ರದವ್ರು ಹೆಸರು ಹೊಡೆದು ಹಾಕ್ತಾರೆ. ನಾಲ್ಕನೇ ದಿನ ನಾನೆಲ್ಲಿಗೆ ಹೋಗ್ಲಿ?” ಎಂದ. ಹಸು ಮೆಲ್ಲುತ್ತಿದ್ದುದು ಹಿಂದಿನ ದಿನವಷ್ಟೇ ಕೀಟನಾಶಕ ಹೊಡೆದ ಹೊಲದ ಹೂಕೋಸಿನ ಎಲೆ. ಅದರ ಮುಖ ನೋಡಿದರೆ ತಪ್ಪಿತಸ್ಥಳೆಂದು ಅನ್ನಿಸಲಿಲ್ಲ.

ಆಮೇಲೆ ತಮ್ಮಲ್ಲಿಗೆ ಬಂದದ್ದು ತಮಗೆ ನೆನಪಿರಬಹುದು. ತಾವು ಯಂತ್ರಕ್ಕೆ ಹಾಲು ಕುಡಿಸಿದಿರಿ. ಕೊಬ್ಬು ಸರಿಯಿದೆ, ನೀರು ಬೆರೆತಿಲ್ಲ, ‘ಉತ್ತಮ’ ಎಂದು ಅದು ಚೀಟಿ ಕೊಟ್ಟಿತು. ಔಷಧಿಯ ಬಗ್ಗೆ ಕೇಳಿದ್ದಕ್ಕೆ, “ಅದನ್ನ ಈ ಯಂತ್ರ ಕೇಳಲ್ಲಮ್ಮ, ನೀವು ಪಾತ್ರೆ ಬದಲಾಯಿಸಿ” ಎಂದಿರಿ. ಇಷ್ಟು ಮಿತಭಾಷಿಯಾದ ಯಂತ್ರವನ್ನು ನಾನು ಕಂಡಿಲ್ಲ.

ಆದಕಾರಣ ಕೇಂದ್ರದ ಫಲಕವನ್ನು ‘ದ್ರವ ಔಷಧಾಲಯ’ ಎಂದು ಬದಲಿಸಬೇಕಾಗಿಯೂ, ಪ್ರತಿ ಕ್ಯಾನಿನ ಮೇಲೆ ವಯಸ್ಸಿಗೆ ತಕ್ಕ ಪ್ರಮಾಣ ಬರೆಸಬೇಕಾಗಿಯೂ, ಹಸುಗಳಿಗೆ ಡಬ್ಬಿಯ ಮೇಲಿನ ಅಕ್ಷರ ಓದಲು ಕಲಿಸಿ ನಾಲ್ಕು ದಿನ ತಾವಾಗಿಯೇ ರಜೆ ಹಾಕುವಂತೆ ತರಬೇತಿ ಕೊಡಿಸಬೇಕಾಗಿಯೂ ವಿನಂತಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗದೆ, ನಾನು ತಮ್ಮ ಗೇಟಿನ ಪಕ್ಕ ಒಂದು ಮೇಜು ಹಾಕಿದೆ. ಪ್ರತಿಯೊಬ್ಬರ ಕ್ಯಾನಿನಿಂದ ಒಂದು ಲೋಟ ಹಾಲು, ಅದಕ್ಕೆ ಅರ್ಧ ಚಮಚ ಹೆಪ್ಪು. ಮಧ್ಯಾಹ್ನಕ್ಕೆ ಹನ್ನೊಂದರಲ್ಲಿ ಒಂಬತ್ತು ಗಟ್ಟಿಯಾಗಿದ್ದವು. ಎರಡು ನೀರಿನಂತೆ ಅಲುಗುತ್ತಿದ್ದವು. ಮರುದಿನ ಅದೇ ಹೈನುಗಾರ ಬಂದು, “ಅಕ್ಕ, ಇವತ್ತು ನನ್ನದು ಆಗಲ್ಲ, ನಾನೇ ಹೇಳ್ಬಿಡ್ತೀನಿ” ಎಂದು ಎಲ್ಲರೆದುರು ಕ್ಯಾನನ್ನು ಚರಂಡಿಗೆ ಬೋರಲು ಹಾಕಿದ. ಉಳಿದ ಹತ್ತು ಮಂದಿ ಅವನ ಬೆನ್ನಿಗೆ ನಿಂತರು. “ಅವನ ಹೆಸರು ಹೊಡೆದರೆ ನಮ್ಮ ಹೆಸರುಗಳನ್ನೂ ಹೊಡೆಯಿರಿ” ಎಂದು ಅಂದೇ ತಮಗೆ ಬರೆದುಕೊಟ್ಟರು.

ತಾವು ತಕ್ಷಣ ಕ್ರಮ ಕೈಗೊಂಡಿರಿ. ‘ಕೇಂದ್ರದ ಗೇಟಿನಿಂದ ನೂರು ಹೆಜ್ಜೆಯೊಳಗೆ ಅನಧಿಕೃತವಾಗಿ ಹಾಲು ಮೊಸರಾಗುವುದನ್ನು ನಿಷೇಧಿಸಲಾಗಿದೆ’ ಎಂಬ ತಮ್ಮ ನೋಟಿಸನ್ನು ಓದಿ ಕಣ್ತುಂಬಿ ಬಂತು. ಮೇಜನ್ನು ನೂರಾ ಒಂದನೆಯ ಹೆಜ್ಜೆಗೆ ಸರಿಸಿದೆ. ಸಾಲು ಮೇಜಿನ ಜೊತೆಗೇ ಸರಿಯಿತು. ಅಂಗಡಿಯ ಬಾಗಿಲು ಈಗ ಪೂರ್ತಿ ತೆರೆದಿದೆ. ಲೋಟ ಗಟ್ಟಿಯಾದವರ ಹಾಲನ್ನಷ್ಟೇ, ಅವರಿಂದಲೇ ನೇರವಾಗಿ ಕೊಳ್ಳುತ್ತೇನೆ.

ಇಷ್ಟಾದರೂ ಹೂಕೋಸಿನ ಕೀಟನಾಶಕದ ಬಗ್ಗೆ ನನ್ನ ಲೋಟ ಏನನ್ನೂ ಹೇಳದು. ಅದಕ್ಕೆ ಓದಿದವರು, ಪ್ರಯೋಗಾಲಯ, ಮತ್ತು ತಮ್ಮದೊಂದು ಸಹಿ ಬೇಕು. ಈ ಒಂದು ಸಾಲನ್ನು ಮಾತ್ರ ತಾವು ತಮಾಷೆಯೆಂದು ಓದಬಾರದು.

ತಮ್ಮ ಯಂತ್ರದ ಮೌನಕ್ಕೆ ತಲೆಬಾಗುವ,
ತಮ್ಮ ವಿಶ್ವಾಸಿ,
ಮೊಸರಕ್ಕ

ತಾ.ಕ.: ತಮ್ಮ ಮನೆಯವರು ನಿನ್ನೆ ಅಂಗಡಿಗೆ ಬಂದಿದ್ದರು. “ಇದು ಕೇಂದ್ರದ ಹಾಲಿಂದಾ?” ಎಂದು ಮೆಲ್ಲಗೆ ಕೇಳಿದರು. ಅಲ್ಲವೆಂದೆ. ಎರಡು ಲೀಟರ್ ಕಟ್ಟಿಸಿಕೊಂಡು, ಇನ್ನು ದಿನವೂ ಎತ್ತಿಡಿ ಎಂದು ಹೇಳಿ ಹೋದರು.