ಉಣ್ಣುವವರ ಬೆನ್ನ ಹಿಂದೆ

ಕಾಲೇಜಿನಲ್ಲಿ ಎಂಬತ್ತು ಹುಡುಗರ ಮುಂದೆ ನಿಂತು ಪಾಠ ಹೇಳುವ ನನಗೆ, ಉಣ್ಣುತ್ತಿರುವ ಒಬ್ಬನ ಹಿಂದೆ ನಿಲ್ಲುವ ಧೈರ್ಯವಿಲ್ಲ. ನಗಬೇಡಿ, ಒಮ್ಮೆ ನಮ್ಮ ಮಂಡ್ಯ ಸೀಮೆಯ ಬೀಗರೂಟಕ್ಕೆ ಬಂದು ನೋಡಿ. ಮದುವೆಯ ಮಾರನೆಯ ದಿನ ಬೀಗರಿಗೆಂದು ಹಾಕುವ ಈ ಬಾಡೂಟಕ್ಕೆ ಇಡೀ ತಾಲ್ಲೂಕೇ ಬೀಗರು. ಜಾಗ ಬೇಕೆಂದರೆ ಉಣ್ಣುವವನ ಕುರ್ಚಿಯ ಬೆನ್ನು ಹಿಡಿದು ನಿಲ್ಲಬೇಕು. ಅವನು ಎದ್ದ ತಕ್ಷಣ ಕೂರಬೇಕು. ಸರಿ, ನಿಂತಷ್ಟು ಹೊತ್ತು ಕಣ್ಣನ್ನು ಎಲ್ಲಿಡುವುದು? ಎಲೆ ನೋಡಿದರೆ ಅವನಿಗೆ ದೃಷ್ಟಿಯಾದೀತು, ತಲೆ ನೋಡಿದರೆ ಹೇನು ಹುಡುಕಿದಂತೆ. ಈ ವಿದ್ಯೆ ಮಿಕ್ಕವರಿಗೆ ಹೇಗೆ ಬಂತೆಂಬ ಕುತೂಹಲ ತಡೆಯಲಾರದೆ ನಮ್ಮ ಅಟೆಂಡರ್ ಸಿದ್ದಪ್ಪನನ್ನೇ ಕೇಳಿದೆ. "ಮುದ್ದೆ ಉಣ್ವಾಗ ಓಗ್ಬೇಡಿ ಸಾ. ಅನ್ನ ಬಂದ್ಮ್ಯಾಕೆ ನಿಂತ್ಕಳಿ. ಆಮೇಲೆ ಒಂದ್ಸಲ ಕೆಮ್ಮಿ," ಎಂದ. ಬರೆದುಕೊಂಡೆ.

ಹೋದ ತಿಂಗಳು ಮಳವಳ್ಳಿಯಲ್ಲಿ ನೆಂಟರ ಬೀಗರೂಟ. ಜೊತೆಗೆ ಅವ್ವ ಬಂದಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಹೋದ ಕೂಡಲೇ ಊಟ ಸಿಗುತ್ತದೆಂದು ನಂಬಿ ಮದ್ದೂರಿನಲ್ಲೇ ಮಾತ್ರೆ ನುಂಗಿಸಿಬಿಟ್ಟೆ. ಅಲ್ಲಿ ನೋಡಿದರೆ ಜನವೋ ಜನ. "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ" ಎಂದು ನಾನು ಮರ್ಯಾದೆ ತೋರಿಸುವಷ್ಟರಲ್ಲಿ ಎರಡು ಪಂಕ್ತಿ ಎದ್ದು ಹೋದವು. ತಿರುಗಿ ನೋಡಿದರೆ ಅವ್ವನ ಕೈ ನಡುಗುತ್ತಿದೆ, ಹಣೆಯಲ್ಲಿ ಬೆವರು. ಸಕ್ಕರೆ ತೀರಾ ಇಳಿದರೆ ಇರಲೆಂದು ಅವಳ ಚೀಲದಲ್ಲಿಟ್ಟಿದ್ದ ಚಾಕೊಲೇಟನ್ನು ಬಸ್ಸಿನಲ್ಲಿ ಯಾರದೋ ಮಗುವಿಗೆ ಕೊಟ್ಟುಬಿಟ್ಟಿದ್ದಳು.

ಗಿರಿಜಾ ಮೀಸೆಯ ಒಬ್ಬಾತನ ಹಿಂದೆ ಹೋಗಿ ನಿಂತೆ. ಅನ್ನ ಬಂದು ಹೋಗಿತ್ತು. ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಆತ ತಿರುಗಿ ತನ್ನ ಲೋಟ ಎತ್ತಿಕೊಟ್ಟು, "ನೀರ್ ಕುಡೀರಿ ಸಾ," ಎಂದ! ಇನ್ನು ಸಿದ್ದಪ್ಪನನ್ನು ನಂಬಿ ಕೆಲಸವಿಲ್ಲವೆಂದು ಬಾಯಿ ಬಿಟ್ಟೆ. "ಅಣ್ಣಾ, ನಮ್ಮವ್ವಂಗೆ ಸುಗರು, ಕೈ ನಡುಗ್ತಾ ಐತೆ, ಜಾಗ ಬುಡಿ!" ಎಷ್ಟು ಜೋರಾಗಿ ಬಂತೆಂದರೆ ಬಡಿಸುವವರೂ ನಿಂತುಬಿಟ್ಟರು.

ಮೀಸೆಯವನು ದಡಕ್ಕನೆ ಎದ್ದ. "ಅಯ್ಯೋ, ನಂದಾಗಿ ಎಷ್ಟೊತ್ತಾಯ್ತು ಕಣಣ್ಣ! ಪಂಕ್ತಿ ಮಧ್ಯ ಒಬ್ನೇ ಎದ್ರೆ ಯಾರೇನಂದ್ಕತ್ತಾರೋ ಅಂತ ಸುಮ್ಕೆ ಕೂತಿದ್ದೆ." ಅಷ್ಟು ದೊಡ್ಡ ಮೀಸೆಯೊಳಗೂ ನನ್ನಂಥವನೇ ಇದ್ದಾನೆಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಅವನದು ಎಂಜಲು ಕೈಯಾಗಿರದಿದ್ದರೆ ಅವನನ್ನು ತಬ್ಬಿಕೊಳ್ಳುತ್ತಿದ್ದೆ.

ಅವ್ವ ಉಂಡಳು. ಮುಖಕ್ಕೆ ಕಳೆ ಬಂತು. ನಾನಂತೂ ಗೆದ್ದವನಂತೆ ನಿಂತಿದ್ದೆ. ಅವಳು ಎದ್ದಾಗ ಆ ಕುರ್ಚಿಗೆ ಕೈ ಹಾಕಿದೆ. ಪಕ್ಕದಿಂದ ಒಬ್ಬ ಸುಮ್ಮನೆ ಮುಖ ನೋಡಿದ, ಅಷ್ಟೇ. "ನೀವು ಕೂತ್ಕೊಳ್ಳಿ, ಪರವಾಗಿಲ್ಲ," ಎಂದಿತು ನನ್ನ ಹಾಳು ಬಾಯಿ. ಅವನು ಕೂತೇಬಿಟ್ಟ.

ಅವ್ವ ಸೆರಗಿಗೆ ಕೈ ಒರೆಸುತ್ತಾ ತಿರುಗಿದಳು. "ಏಳಪ್ಪಾ ಮ್ಯಾಕೆ! ನಮ್ ಐದ ಇನ್ನೂ ಉಂಡಿಲ್ಲ. ಅವುನ್ಗೆ ಚಿಕ್ಕಂದಿಂದ್ಲೂ ನಾಚ್ಕೆ ಕಣಪ್ಪ!"

ಆ ಐದ, ಅಂದರೆ ಅವಳ ಹುಡುಗ, ಯಾರೆಂದು ನೋಡಲು ಇಡೀ ಮಂಟಪವೇ ತಿರುಗಿತು. ನಲವತ್ತೆಂಟು ವರ್ಷದ ಐದ ತಲೆ ತಗ್ಗಿಸಿ ಕೂತು ಮುದ್ದೆ ಮುರಿದ. ಇನ್ನೊಂದು ಮುದ್ದೆ ಬೇಕಿತ್ತು. ಕೇಳಲಿಲ್ಲ.